ತಲೆ ತಿರುಗಿದವರ ಪರವಾಗಿ: ವಿ.ಆರ್. ಯಂತ್ರಗಳ ನಿರ್ಮಾಪಕ ಮಿತ್ರರಿಗೊಂದು ಬಹಿರಂಗ ಪತ್ರ

ಕುಷಾಯಿಗೂಡ, ಹೈದರಾಬಾದು

ಹೈದರಾಬಾದಿನಲ್ಲಿ ವರ್ಚುವಲ್ ರಿಯಾಲಿಟಿಯ ಆಟಗಳನ್ನೂ ತರಬೇತಿಯ ಯಂತ್ರಗಳನ್ನೂ ಕಟ್ಟುತ್ತಿರುವ ಕನ್ನಡದ ತರುಣ ತರುಣಿಯರೇ,

ನಾನು ನಿಮ್ಮ ವಿದ್ಯೆಯನ್ನು ಕಲಿತವನಲ್ಲ. ಮಕ್ಕಳಿಗೆ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿ, ಈ ಮಹಾನಗರದ ಈಶಾನ್ಯದ ಅಂಚಿನ ಕುಷಾಯಿಗೂಡದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ. ಯಂತ್ರವೆಂದರೆ ಬೆದರುವ ಊರು ನಮ್ಮದಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1967ರಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಕಾರ್ಖಾನೆ ನಮ್ಮ ಮಗ್ಗುಲಲ್ಲಿಯೇ ಇದೆ. ಗಣಕವೆಂಬ ಹೆಸರನ್ನು ದೇಶದ ಬಹುಪಾಲು ಜನ ಕೇಳಿಯೂ ಇರದಿದ್ದ ಕಾಲದಲ್ಲಿ ಟಿ.ಡಿ.ಸಿ. 12 ಎಂಬ ಗಣಕವನ್ನು ಹೊರತಂದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಅದರ ಸಂಸ್ಥಾಪಕರಾದ ಡಾ. ಎ. ಎಸ್. ರಾವ್ ಅವರ ಹೆಸರನ್ನು ಹೊತ್ತ ಬಡಾವಣೆಗೇ ನಾವು ತರಕಾರಿ ತರಲು ಹೋಗಿಬರುವುದು. ಆದುದರಿಂದ ಈ ಪತ್ರವನ್ನು ಹೊಸತನ್ನು ಕಂಡು ಮುನಿಯುವ ವೃದ್ಧನೊಬ್ಬನ ಗೊಣಗಾಟವೆಂದು ಬದಿಗಿಡದೆ, ಕೊನೆಯವರೆಗೆ ಓದುವ ಸೈರಣೆ ತೋರಬೇಕೆಂದು ಬೇಡುತ್ತೇನೆ.

ಬೇಸಗೆಯ ರಜೆಯಲ್ಲಿ ನಗರದ ಒಂದು ಪ್ರದರ್ಶನಕ್ಕೆ ತಂಗಿಯ ಮಗಳನ್ನು ಕರೆದೊಯ್ದಿದ್ದೆ. ಶಿಖರಗಳ ನಡುವೆ ಹಾರುವ ಆಟವೊಂದಕ್ಕೆ ಹೆಡ್‌ಸೆಟ್ ಧರಿಸಿ ಕುಳಿತ ಅವಳು ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ಕಿತ್ತು ಕೆಳಗಿಟ್ಟು, ಬಿಳಿಚಿದ ಮುಖದಿಂದ, ಹಣೆಯ ಬೆವರನ್ನು ಒರಸಿಕೊಳ್ಳುತ್ತ ನೆಲದ ಮೇಲೆ ಕುಳಿತುಬಿಟ್ಟಳು. ನಮ್ಮ ಮಾತನ್ನು ಕೇಳಿ ನಾವು ಕನ್ನಡಿಗರೆಂದು ತಿಳಿದ ಅಲ್ಲಿಯ ಹುಡುಗ, ಉತ್ತರ ಕರ್ನಾಟಕದವನು, ಅತ್ಯಂತ ಪ್ರೀತಿಯಿಂದಲೇ ಹೇಳಿದ: “ಏನೂ ಆಗಂಗಿಲ್ರೀ ಅಕ್ಕಾರ, ನಾಕು ಸಲ ಹಾಕ್ಕೊಂಡ್ರ ರೂಢಿ ಆಕ್ಕೈತಿ. ಕೆಲವ್ರಿಗೆ ತಡಕೊಳ್ಳೋ ಶಕ್ತಿ ಕಡಿಮಿ ಇರ್ತೈತಿ. ನಮಗ ಯಾರಿಗೂ ಹಿಂಗ ಆಗಂಗಿಲ್ಲ ನೋಡ್ರಿ.” ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಆ ಮಾತು ಅವನೊಬ್ಬನದಲ್ಲ, ನಿಮ್ಮ ವೃತ್ತಿಯಲ್ಲಿ ಬಹುಮಂದಿ ನಂಬಿಕೊಂಡಿರುವ ಮತವೆಂದು ಆಮೇಲೆ ನಾಲ್ಕಾರು ಕಡೆ ವಿಚಾರಿಸಿ ತಿಳಿದ ಮೇಲೆಯೇ ಈ ಪತ್ರಕ್ಕೆ ಕೈಯಿಟ್ಟೆ.

ಮೊದಲು ದೇಹದ ವ್ಯವಸ್ಥೆಯನ್ನು ನೋಡೋಣ. ನಮ್ಮ ಪ್ರತಿಯೊಂದು ಒಳಗಿವಿಯಲ್ಲಿಯೂ, ಶಬ್ದವನ್ನು ಗ್ರಹಿಸುವ ಶಂಖದ ಪಕ್ಕದಲ್ಲಿ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದೊಡನೆ ಅವುಗಳೊಳಗಿನ ದ್ರವ ಹಿಂದುಳಿದು, ಅಲ್ಲಿಯ ಸೂಕ್ಷ್ಮ ರೋಮಗಳನ್ನು ಬಾಗಿಸಿ, ಭ್ರಮಣದ ವಾರ್ತೆಯನ್ನು ಮಿದುಳಿಗೆ ಕಳುಹಿಸುತ್ತದೆ. ಇವುಗಳ ಜೊತೆಗೆ ಎರಡು ಪುಟ್ಟ ಚೀಲಗಳಿದ್ದು, ಅವುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ನೇರ ಚಲನೆಯ ಏರಿಳಿತವನ್ನೂ ಭೂಮಿಯ ಸೆಳೆತದ ದಿಕ್ಕನ್ನೂ ತಿಳಿಸುತ್ತವೆ. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು: ಈ ಅಂಗಕ್ಕೆ ಗೋಚರವಾಗುವುದು ವೇಗವಲ್ಲ, ವೇಗದ ವ್ಯತ್ಯಾಸ ಮಾತ್ರ. ಗಾಡಿ ಹೊರಟಾಗ, ನಿಂತಾಗ, ತಿರುವಿನಲ್ಲಿ ಹೊರಳಿದಾಗ ಅದು ಎಚ್ಚರಗೊಳ್ಳುತ್ತದೆ. ಒಂದೇ ಸಮನಾಗಿ ಸಾಗುತ್ತಿರುವಾಗ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಆಗ ನಾವು ಚಲಿಸುತ್ತಿದ್ದೇವೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಅಧಿಕಾರ ಕಣ್ಣಿಗೆ ಬರುತ್ತದೆ.

ಕಣ್ಣಿಗೆ ಆ ಅಧಿಕಾರವಿರುವುದರಿಂದಲೇ ನಿಮ್ಮ ಉದ್ಯಮ ನಡೆದಿರುವುದು. ನಮ್ಮ ಚರ್ಲಪಲ್ಲಿಯ ಹೊಸ ನಿಲ್ದಾಣದಲ್ಲಿಯೋ, ಕಾಚಿಗೂಡದಲ್ಲಿ ನಿಂತ ಮೈಸೂರಿನ ಗಾಡಿಯಲ್ಲಿಯೋ ಕಿಟಕಿಯ ಬಳಿ ಕುಳಿತವರಿಗೆ, ಪಕ್ಕದ ಹಳಿಯ ಗಾಡಿ ಮೆಲ್ಲನೆ ಸರಿದಾಗ ತಮ್ಮ ಗಾಡಿಯೇ ಹೊರಟಿತೆಂದು ತೋರಿ, ಮರುಗಳಿಗೆಯಲ್ಲಿ ಪ್ಲಾಟ್‌ಫಾರಮ್ಮಿನ ಕಂಬವನ್ನು ಕಂಡು ಭ್ರಾಂತಿ ಹರಿದ ಅನುಭವ ಇದ್ದೇ ಇರುತ್ತದೆ. ಸ್ಥಿರವಾಗಿ ಕುಳಿತವನಿಗೆ ತಾನೇ ಚಲಿಸುತ್ತಿರುವಂತೆ ತೋರುವ ಈ ಅನುಭವವನ್ನು ವಿಜ್ಞಾನಿಗಳು ‘ವೆಕ್ಷನ್’ ಎಂದು ಕರೆಯುತ್ತಾರೆ. ಇದನ್ನು ಗಂಭೀರವಾದ ಪರಿಶೀಲನೆಗೆ ತಂದವರಲ್ಲಿ ಮೊದಲಿಗ, ಶಬ್ದವೇಗದ ಅಳತೆಗೆ ಇಂದು ಯಾರ ಹೆಸರನ್ನು ಬಳಸುತ್ತೇವೆಯೋ ಆ ಅರ್ನ್ಸ್ಟ್ ಮಾಖ್. ಚಲನೆಯ ಸಂವೇದನೆಗಳನ್ನು ಕುರಿತ ಅವನ ಗ್ರಂಥ 1875ರಲ್ಲಿ ಪ್ರಕಟವಾಯಿತು. ಅನಂತರ 1973ರಲ್ಲಿ ಬ್ರಾಂಟ್, ಡಿಖ್‌ಗನ್ಸ್, ಕ್ಯೋನಿಗ್ ಎಂಬ ಜರ್ಮನ್ ಸಂಶೋಧಕರು, ಈ ಭ್ರಾಂತಿಯನ್ನು ಉಂಟುಮಾಡುವುದರಲ್ಲಿ ದೃಷ್ಟಿಯ ನಡುಭಾಗಕ್ಕಿಂತ ಅಂಚುಗಳಿಗೆ ಹೆಚ್ಚಿನ ಬಲವಿರುವುದನ್ನು ತಿರುಗುವ ಉರುಳೆಯೊಳಗೆ ಜನರನ್ನು ಕೂರಿಸಿ ತೋರಿಸಿದರು. ಉರುಳೆ ತಿರುಗಿದ ತಕ್ಷಣ ಭ್ರಾಂತಿ ಹುಟ್ಟುವುದಿಲ್ಲ. ಕೆಲವು ಸೆಕೆಂಡುಗಳು ಬೇಕು. ಮೊದಲಿಗೆ ‘ನೀನು ಕದಲಿಲ್ಲ’ ಎನ್ನುವ ಒಳಗಿವಿಯ ನಿರಾಕರಣೆ ಪ್ರಬಲವಾಗಿದ್ದು, ಸಮವೇಗವಾದರೆ ಅದು ಹೇಗೂ ಮೌನವಾಗಿಯೇ ಇರಬೇಕಾದುದರಿಂದ, ಕ್ರಮೇಣ ಮಿದುಳು ಕಣ್ಣಿನ ಮಾತಿಗೆ ಒಪ್ಪುತ್ತದೆ ಎಂದು ಇದನ್ನು ವಿವರಿಸುವುದುಂಟು.

ನಿಮ್ಮ ವೃತ್ತಿಯ ಚರಿತ್ರೆಯನ್ನು 1968ರಲ್ಲಿ ಐವನ್ ಸದರ್ಲೆಂಡ್ ಕಟ್ಟಿದ ತಲೆಗೆ ತೊಡುವ ಯಂತ್ರದಿಂದ ಆರಂಭಿಸುವ ರೂಢಿಯಿದೆ. ನಾನಾದರೆ 1894ರಿಂದ ಆರಂಭಿಸುತ್ತೇನೆ. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜಾತ್ರೆಯೊಂದರಲ್ಲಿ ‘ಭೂತದ ಉಯ್ಯಾಲೆ’ ಎಂಬ ಹೆಸರಿನ ಒಂದು ಕೋಣೆಯನ್ನು ಏರ್ಪಡಿಸಿದ್ದರು. ಜನ ನಡುವಿನ ಉಯ್ಯಾಲೆಯಲ್ಲಿ ಕುಳಿತರೆ ಅದು ಮೊದಲು ಸ್ವಲ್ಪ ತೂಗಿ, ಬರಬರುತ್ತ ಹೆಚ್ಚೆಚ್ಚು ತೂಗಿ, ಕಡೆಗೆ ಪೂರಾ ಒಂದು ಸುತ್ತು ಹೊಡೆದು ತಮ್ಮನ್ನು ತಲೆಕೆಳಗು ಮಾಡಿತೆಂದೇ ಅವರಿಗೆ ತೋರುತ್ತಿತ್ತು. ವಸ್ತುತಃ ಉಯ್ಯಾಲೆ ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿದ್ದು, ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದ ಕೋಣೆಯೇ ಅದರ ಸುತ್ತ ಉರುಳುತ್ತಿತ್ತು. ಇದನ್ನು ನೋಡಿದ ಭೌತವಿಜ್ಞಾನಿ ರಾಬರ್ಟ್ ವುಡ್ 1895ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಅದನ್ನು ವರ್ಣಿಸುತ್ತ, ಹೊರಬರುವಾಗ ತಲೆಸುತ್ತು ಓಕರಿಕೆಗಳಿಂದ ನಡೆಯಲಾರದೆ ಹೋದ ಸಭ್ಯ ಗೃಹಸ್ಥರ ವಿಷಯವನ್ನೂ ದಾಖಲಿಸಿದ್ದಾನೆ. ನಿಮ್ಮ ಕಲೆಯೂ ಅದರ ಬಾಧೆಯೂ ಒಂದೇ ಕೋಣೆಯಲ್ಲಿ ಹುಟ್ಟಿದವು; ಬಾಧೆಯೆಂಬುದು ಹಳೆಯ ಯಂತ್ರಗಳ ದೋಷ, ಹೊಸ ಯಂತ್ರ ಬಂದೊಡನೆ ಮಾಯವಾಗುತ್ತದೆ ಎಂದು ಹೇಳುವವರನ್ನು ನಾನು ಅಷ್ಟಾಗಿ ನಂಬದಿರುವುದಕ್ಕೆ ಇದೇ ಕಾರಣ.

ಈಗ ಶಕ್ತಿ ಕಡಿಮೆಯೆಂಬ ಮಾತಿಗೆ ಬರುತ್ತೇನೆ. ಹಾರ್ವರ್ಡಿನ ವಿಲಿಯಂ ಜೇಮ್ಸ್ 1882ರಲ್ಲಿ ಒಂದು ವಿಚಿತ್ರವಾದ ಗಣತಿಯನ್ನು ಪ್ರಕಟಿಸಿದ. ಕಿವುಡ ಮೂಕರಾದ 519 ಮಂದಿಯನ್ನು ವಿಚಾರಿಸಲಾಗಿ, ಗಿರಗಿರನೆ ತಿರುಗಿಸಿದರೂ 186 ಮಂದಿಗೆ ತಲೆಸುತ್ತೇ ಬರಲಿಲ್ಲ. 134 ಮಂದಿಗೆ ಅತ್ಯಲ್ಪವಾಗಿ ಬಂದಿತು. ಹಾರ್ವರ್ಡಿನ ಸುಮಾರು ಇನ್ನೂರು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಪರೀಕ್ಷಿಸಿದಾಗ ತಲೆಸುತ್ತು ಬಾರದವನು ಒಬ್ಬನೇ ಒಬ್ಬ. ಕಿವುಡನ್ನು ತಂದ ರೋಗವೇ ಅನೇಕರಲ್ಲಿ ಒಳಗಿವಿಯ ಸಮತೋಲನದ ಅಂಗವನ್ನೂ ನಾಶಮಾಡಿರಬೇಕೆಂದು ಜೇಮ್ಸ್ ಊಹಿಸಿದ; ಕಡಲಿನ ಪ್ರಯಾಣದ ಬಾಧೆಯೂ ಅಂಥವರಿಗೆ ಇರಲಾರದೆಂದು ಸೂಚಿಸಿದ. ಮುಕ್ಕಾಲು ಶತಮಾನದ ಮೇಲೆ ಈ ಊಹೆ ಅಕ್ಷರಶಃ ನಿಜವಾಯಿತು. ಅಮೆರಿಕದ ನೌಕಾಪಡೆಯ ವೈದ್ಯ ಆಷ್ಟನ್ ಗ್ರೇಬಿಯಲ್, ಮನುಷ್ಯನನ್ನು ಅಂತರಿಕ್ಷಕ್ಕೆ ಕಳುಹಿಸುವ ಸಿದ್ಧತೆಯ ಅಂಗವಾಗಿ, ಗ್ಯಾಲಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು 1950ರ ದಶಕದ ಕೊನೆಯಿಂದ ವರ್ಷಗಟ್ಟಲೆ ಪರೀಕ್ಷೆಗೆ ಒಳಪಡಿಸಿದ. ಅವರಲ್ಲಿ ಹತ್ತು ಮಂದಿ ಬಾಲ್ಯದಲ್ಲಿ ಮಿದುಳುಪೊರೆಯ ಜ್ವರಕ್ಕೆ ತುತ್ತಾಗಿ ಶ್ರವಣವನ್ನು ಕಳೆದುಕೊಂಡವರು. ನೋವಾ ಸ್ಕೋಷಿಯಾದ ಪ್ರಕ್ಷುಬ್ಧ ಕಡಲಿನಲ್ಲಿ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ, ಪರೀಕ್ಷಿಸಲು ಬಂದಿದ್ದ ವಿಜ್ಞಾನಿಗಳೇ ವಾಂತಿಯಿಂದ ಹಾಸಿಗೆ ಹಿಡಿದರೆ, ಪರೀಕ್ಷೆಗೆ ಒಳಗಾದವರು ನಿಶ್ಚಿಂತೆಯಿಂದ ಇಸ್ಪೀಟು ಆಡುತ್ತಿದ್ದರು.

ಇದರ ಅರ್ಥ ಸ್ಪಷ್ಟ. ಚಲನೆಯಿಂದ ಎಳ್ಳಷ್ಟೂ ಬಾಧಿತನಾಗದವನು ಬಲಿಷ್ಠನಲ್ಲ. ಒಂದು ಇಂದ್ರಿಯವನ್ನು ಕಳೆದುಕೊಂಡವನು. ನಿಮ್ಮ ಆಟದಲ್ಲಿ ತಲೆ ತಿರುಗಿ ಹೊಟ್ಟೆ ತೊಳಸಿದವಳ ಒಳಗಿವಿ ತನ್ನ ಕರ್ತವ್ಯವನ್ನು ಚೆನ್ನಾಗಿಯೇ ಮಾಡಿದೆ. 1961ರಲ್ಲಿ ಭೂಮಿಯನ್ನು ಹದಿನೇಳು ಸಲ ಸುತ್ತಿದ ಯುದ್ಧವಿಮಾನದ ಚಾಲಕ ಗೆರ್ಮನ್ ಟಿಟೋವ್ ಅಂತರಿಕ್ಷದಲ್ಲಿ ವಾಂತಿ ಮಾಡಿಕೊಂಡ ಮೊದಲನೆಯ ಮಾನವ. 1984ರಲ್ಲಿ ನಮ್ಮ ರಾಕೇಶ ಶರ್ಮ ಹೋದಾಗ, ತೂಕವಿಲ್ಲದ ಸ್ಥಿತಿಯ ತೊಂದರೆಗಳಿಗೆ ಯೋಗಾಭ್ಯಾಸದಿಂದ ಉಪಶಮನ ದೊರಕೀತೇ ಎಂಬುದನ್ನು ಅವರ ಮೇಲೆಯೇ ಪ್ರಯೋಗಿಸಿದರು. ಇವರ ಧೈರ್ಯವನ್ನಾಗಲಿ ಶರೀರದಾರ್ಢ್ಯವನ್ನಾಗಲಿ ಶಂಕಿಸುವವರು ಯಾರು?

ಈ ಬಾಧೆ ಏಕೆ ಹುಟ್ಟುತ್ತದೆ ಎಂಬಲ್ಲಿ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಕಣ್ಣೂ ಕಿವಿಯೂ ಪರಸ್ಪರ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುವುದೂ, ಅವೆರಡೂ ಸೇರಿ ಹಿಂದಿನ ಅನುಭವದಿಂದ ಬಂದ ನಿರೀಕ್ಷೆಗೆ ವಿರುದ್ಧವಾಗುವುದೂ ಇದಕ್ಕೆ ಮೂಲವೆಂಬ ಮತವನ್ನು 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಇಂದಿಗೂ ಬಹುಮತ ಇದರದೇ. ಇಂದ್ರಿಯಗಳ ವಿರೋಧಕ್ಕೆ ವಾಂತಿಯೇ ಏಕೆ ಪ್ರತಿಕ್ರಿಯೆಯಾಗಬೇಕೆಂದು ಕೇಳಿದರೆ, ವಿಷವನ್ನು ತಿಂದಾಗಲೂ ಇಂದ್ರಿಯಗಳು ಹೀಗೆಯೇ ಹೊಂದಿಕೆ ತಪ್ಪುವುದರಿಂದ ದೇಹ ವಿಷವನ್ನು ಹೊರಹಾಕುವಂತೆ ವರ್ತಿಸುತ್ತದೆಯೆಂದು 1977ರಲ್ಲಿ ಟ್ರೈಸ್ಮನ್ ಉತ್ತರಿಸಿದ. ಒಳಗಿವಿಯ ಅಂಗವನ್ನು ತೆಗೆದ ನಾಯಿಗಳು ಕೆಲವು ವಿಷಗಳಿಗೆ ಸಾಮಾನ್ಯವಾಗಿ ವಾಂತಿ ಮಾಡುವಷ್ಟು ಮಾಡುವುದಿಲ್ಲವೆಂದು 1983ರಲ್ಲಿ ಕಂಡುಬಂದುದು ಈ ಮತಕ್ಕೆ ಬೆಂಬಲವಾಯಿತಾದರೂ, ಕೇಳುವುದಕ್ಕೆ ಇಷ್ಟು ಚೆಂದವಾಗಿರುವ ವಿವರಣೆಯನ್ನು ಸ್ವಲ್ಪ ದೂರದಲ್ಲಿಟ್ಟೇ ನೋಡಬೇಕೆಂದು ನನಗೆ ತೋರುತ್ತದೆ. 1991ರಲ್ಲಿ ರಿಚ್ಚಿಯೋ ಮತ್ತು ಸ್ಟಾಫ್ರಿಗನ್, ಇಂದ್ರಿಯಗಳ ವಿರೋಧವೆಂಬುದನ್ನೇ ತಳ್ಳಿಹಾಕಿ, ಹೊಸ ಪರಿಸರದಲ್ಲಿ ದೇಹವನ್ನು ಸ್ಥಿರವಾಗಿ ನಿಲ್ಲಿಸಿಕೊಳ್ಳಲು ಬಾರದಿರುವುದೇ ಕಾರಣವೆಂದರು. ಈ ಪಕ್ಷಗಳಲ್ಲಿ ಯಾವುದನ್ನು ಹಿಡಿದರೂ, ಬಾಧೆಗೆ ಗುರಿಯಾದವರ ಸ್ವಭಾವದಲ್ಲಿ ಕೊರತೆಯಿದೆಯೆಂಬ ಅಭಿಪ್ರಾಯಕ್ಕೆ ಆಧಾರ ಸಿಕ್ಕುವುದಿಲ್ಲ.

‘ನಮಗ ಯಾರಿಗೂ ಹಿಂಗ ಆಗಂಗಿಲ್ಲ’ ಎಂಬ ಮಾತಿನಲ್ಲಿಯೇ ಮುಖ್ಯವಾದ ತೊಂದರೆ ಅಡಗಿರುವುದು. ನೀವು ದಿನವೂ ಹತ್ತಾರು ಸಲ ಹೆಡ್‌ಸೆಟ್ ತೊಟ್ಟು ತೆಗೆಯುವವರು. ಮಿದುಳು ಹೊಂದಿಕೊಳ್ಳುವ ಸ್ವಭಾವದ್ದಾದುದರಿಂದ ನಿಮಗೆ ಬಾಧೆ ಕಡಿಮೆಯಾಗಿದೆ. ಅದೂ ಅಲ್ಲದೆ ಯಾವ ಕ್ಷಣದಲ್ಲಿ ದೃಶ್ಯ ಎತ್ತ ತಿರುಗುತ್ತದೆಂಬುದು ಅದನ್ನು ರಚಿಸಿದ ನಿಮಗೆ ಮೊದಲೇ ಗೊತ್ತು. ಗುಂಟೂರಿನ ಮೆಣಸಿನಕಾಯಿಗೆ ನಾಲಗೆ ಪಳಗಿದ ಅಡುಗೆಯವನು ಮಗುವಿನ ಸಾರಿಗೆ ಖಾರ ಸಾಕೇ ಎಂದು ತಾನೇ ರುಚಿ ನೋಡಿ ನಿರ್ಣಯಿಸಿದಂತಾಯಿತು ಇದು. ಯಂತ್ರವನ್ನು ಕಟ್ಟಿದವನೇ ಅದರ ಸೌಮ್ಯತೆಗೆ ಅತ್ಯಂತ ಅಯೋಗ್ಯನಾದ ಸಾಕ್ಷಿ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಇಳಿದವರಿಗೆ ಇದರ ಮರ್ಮ ಚೆನ್ನಾಗಿ ತಿಳಿದಿದೆ. ಅವೊಮಿನ್ ಮಾತ್ರೆ ನುಂಗಿ, ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಿಟಕಿಯ ಪಕ್ಕದ ಸೀಟಿಗಾಗಿ ಅಂಗಲಾಚುವ ಪ್ರಯಾಣಿಕರ ನಡುವೆ ಡ್ರೈವರ್ ಒಬ್ಬನು ಮಾತ್ರ ಎಲೆಯಡಿಕೆ ಮೆಲ್ಲುತ್ತ ಸ್ವಸ್ಥನಾಗಿರುತ್ತಾನೆ. ಚಕ್ರ ಅವನ ಕೈಯಲ್ಲಿದೆ. ತಿರುವು ಬರುವ ಮೊದಲೇ ಅವನ ದೇಹ ಅದಕ್ಕೆ ಸಿದ್ಧವಾಗಿದೆ. ಈ ಲೋಕಾನುಭವವನ್ನು 1991ರಲ್ಲಿ ರೋಲ್ನಿಕ್ ಮತ್ತು ಲುಬೋ ಪ್ರಯೋಗಕ್ಕೆ ತಂದರು: ಇಬ್ಬಿಬ್ಬರನ್ನು ಒಂದೇ ತಿರುಗುವ ಯಂತ್ರದಲ್ಲಿ ಜೋಡಿಯಾಗಿ ಕೂರಿಸಿ, ಒಬ್ಬನ ಕೈಗೆ ನಿಯಂತ್ರಣವನ್ನು ಕೊಟ್ಟರೆ, ಇಬ್ಬರೂ ಅನುಭವಿಸಿದ ಚಲನೆ ಒಂದೇ ಆಗಿದ್ದರೂ ನಿಯಂತ್ರಣವಿದ್ದವನಿಗೆ ಬಾಧೆ ಕಡಿಮೆಯಾಯಿತು. ನಿಮ್ಮಲ್ಲಿ ಎಷ್ಟು ಆಟಗಳು ಜನರನ್ನು ಕುರ್ಚಿಗೆ ಕಟ್ಟಿ, ಕೈಗೆ ಏನನ್ನೂ ಕೊಡದೆ, ನಿಮ್ಮ ಇಷ್ಟದಂತೆ ಸುತ್ತಾಡಿಸುತ್ತವೆಂಬುದನ್ನು ನೀವೇ ಎಣಿಸಿ ನೋಡಿ.

ರೂಢಿಯಾಗುತ್ತದೆಂಬ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಿಂದ ನಡೆದುಬಂದಿದೆ. ವಿಮಾನದಲ್ಲಿ ಬಾಧಿತರಾದ ತರಬೇತಿಯ ಹುಡುಗರನ್ನು ಅಂಥ ಸಂಸ್ಥೆಗಳ ವೈದ್ಯರು ಕ್ರಮಕ್ರಮವಾಗಿ, ಅಲ್ಪಾಲ್ಪವಾಗಿ ತಿರುಗಿಸಿ ಪಳಗಿಸುತ್ತಾರೆ. ಆದರೆ ವೈದ್ಯನ ಕಣ್ಣೆದುರಿನಲ್ಲಿ, ಬಾಧೆ ತಲೆದೋರುವುದರೊಳಗೆ ನಿಲ್ಲಿಸುತ್ತ ಬೆಳೆಸುವ ಆ ಸಾಧನೆಗೂ, ರಜೆಯ ದಿನ ಟಿಕೆಟು ಕೊಂಡು ಬಂದ ಹೆಂಗಸಿಗೆ ‘ಇನ್ನೊಂದು ಸಲ ಹಾಕಿಕೊಳ್ಳಿ’ ಎನ್ನುವುದಕ್ಕೂ ಸಂಬಂಧವಿಲ್ಲ. ಅದೇ 1957ರಲ್ಲಿ, ಅಮೆರಿಕದಲ್ಲಿ ಹ್ಯಾವ್ರನ್ ಮತ್ತು ಬಟ್ಲರ್ ಎಂಬುವರು ಹೆಲಿಕಾಪ್ಟರ್ ತರಬೇತಿಯ ಕೃತಕ ಯಂತ್ರವೊಂದರಲ್ಲಿ ಈ ಬಾಧೆಯನ್ನು ಮೊದಲಿಗೆ ವರದಿಮಾಡಿದ್ದರು. ತರುವಾಯ ಅಂಥದೇ ಯಂತ್ರವನ್ನು ಪರಿಶೀಲಿಸಿದ ಮಿಲ್ಲರ್ ಮತ್ತು ಗುಡ್ಸನ್ ಕಂಡುದು ಇನ್ನೂ ಕುತೂಹಲಕರ: ಹೊಸಬರಾದ ವಿದ್ಯಾರ್ಥಿಗಳಲ್ಲಿ ಬಾಧಿತರಾದವರು ನೂರಕ್ಕೆ 12, ಅವರಿಗೆ ಕಲಿಸುವ ಅನುಭವಸ್ಥ ಬೋಧಕರಲ್ಲಿ ನೂರಕ್ಕೆ 60. ನಿಜವಾದ ಹಾರಾಟ ಹೇಗಿರುತ್ತದೆಂಬುದು ಯಾರ ದೇಹಕ್ಕೆ ಚೆನ್ನಾಗಿ ಗೊತ್ತಿತ್ತೋ ಅವರಿಗೇ ಸುಳ್ಳಾದ ಹಾರಾಟ ಹೆಚ್ಚು ಅಸಹನೀಯವಾಯಿತು.

ವಾಹನಚಾಲನೆಯ ತರಬೇತಿಯ ಯಂತ್ರಗಳನ್ನು ಕಟ್ಟುವವರು ನಿಮ್ಮಲ್ಲಿದ್ದರೆ ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಕುಷಾಯಿಗೂಡದ ಆರ್.ಟಿ.ಸಿ. ಡಿಪೋದಿಂದ ಬೆಳಗಿನ ಜಾವ ಬಸ್ಸನ್ನು ಹೊರತರುವ, ಇಪ್ಪತ್ತು ಮೂವತ್ತು ವರ್ಷ ಚಕ್ರ ಹಿಡಿದ ಡ್ರೈವರನೊಬ್ಬನನ್ನು ನೀವು ಪರದೆಯ ಮುಂದೆ ಕೂರಿಸಿದಾಗ, ಬ್ರೇಕು ತುಳಿದರೆ ಮುಂದಕ್ಕೆ ವಾಲಬೇಕಾದ ಅವನ ದೇಹ ವಾಲದೆ ಹೋಗುತ್ತದೆ. ಅವನು ಬೆವೆತು ಎದ್ದು ಹೋದರೆ, ನಿನ್ನೆ ಮೊನ್ನೆ ಲೈಸೆನ್ಸ್ ಪಡೆದ ಹುಡುಗ ಆರಾಮವಾಗಿ ಕುಳಿತಿರಬಹುದು. ಅಂಥ ಫಲಿತಾಂಶವನ್ನು ನೋಡಿ ಹಿರಿಯನಿಗೆ ಕಡಿಮೆ ಅಂಕ ಕೊಟ್ಟರೆ ಅದು ಅನ್ಯಾಯವಷ್ಟೇ ಅಲ್ಲ, ಮೂಢತನವೂ ಅಹುದು.

ಹೆಂಗಸರ ವಿಷಯದಲ್ಲಿಯೂ ಇಂಥದೇ ಅವಸರದ ತೀರ್ಪು ಬಳಕೆಯಲ್ಲಿದೆ. ಅವರಿಗೆ ಈ ಬಾಧೆ ಹೆಚ್ಚೆಂದು ಹೇಳುವ ಅಧ್ಯಯನಗಳು ನಿಜವಾಗಿಯೂ ಇವೆ. ಆದರೆ 2020ರಲ್ಲಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಲಾಗಿ, ಈ ವ್ಯತ್ಯಾಸದ ಮುಖ್ಯ ಕಾರಣವಾಗಿ ಕಂಡುಬಂದುದು ಕಣ್ಣುಪಾಪೆಗಳ ನಡುವಣ ಅಂತರ: ಮಸೂರಗಳನ್ನು ಎಷ್ಟು ಹತ್ತಿರ ತಂದರೂ ಅನೇಕ ಹೆಂಗಸರ ಕಣ್ಣಿನ ಅಳತೆಗೆ ಹೆಡ್‌ಸೆಟ್ ಹೊಂದುವಂತಿರಲಿಲ್ಲ, ಸರಿಯಾಗಿ ಹೊಂದಿದಾಗ ಗಂಡಸು ಹೆಂಗಸರ ಅಂತರ ಬಹಳಮಟ್ಟಿಗೆ ಕರಗಿತು. ಗಂಡಸಿನ ಮುಖಕ್ಕೆ ಅಳತೆ ತೆಗೆದು ಹೊಲಿದುದು ಹೆಂಗಸಿಗೆ ಹಿಡಿಸದೆ ಹೋದರೆ ದೋಷ ಹೊಲಿದವನದು.

ಉಪಾಯಗಳನ್ನು ನಿಮಗೆ ಹೇಳಿಕೊಡುವ ಅಧಿಕಪ್ರಸಂಗ ನನ್ನದಲ್ಲ. ತಲೆ ತಿರುಗಿಸಿದ್ದಕ್ಕೂ ದೃಶ್ಯ ಬದಲಾಗುವುದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ವಿಳಂಬ ಕೂಡದೆಂಬುದೂ, ತೇಲಿಸಿಕೊಂಡು ಹೋಗುವ ಬದಲು ಒಂದೆಡೆಯಿಂದ ಇನ್ನೊಂದೆಡೆಗೆ ಒಮ್ಮೆಲೇ ದಾಟಿಸುವುದು ಮೇಲೆಂಬುದೂ ನಿಮಗೆ ತಿಳಿದೇ ಇದೆ. ಚಲಿಸುವಾಗ ದೃಶ್ಯದ ಅಂಚುಗಳನ್ನು ಮೆಲ್ಲನೆ ಕಪ್ಪಾಗಿಸಿದರೆ ನೋಡುವವರಿಗೆ ಹೆಚ್ಚು ಹೊತ್ತು ಸಹನೀಯವಾಗುತ್ತದೆಂದು 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ ತೋರಿಸಿಕೊಟ್ಟರು. ಆದರೆ ಭ್ರಾಂತಿಯ ಬಲವಿರುವುದೂ ಅಂಚುಗಳಲ್ಲಿಯೇ ಆದುದರಿಂದ, ನೋವನ್ನು ಕತ್ತರಿಸಹೊರಟವನು ಸೊಗಸನ್ನೂ ಸ್ವಲ್ಪ ಕತ್ತರಿಸಬೇಕಾಗುತ್ತದೆ. ಹಾರಿದಂತೆ ತೋರಿದವರೆಲ್ಲರಿಗೂ ವಾಂತಿ ಬರುವುದಿಲ್ಲ. ಭ್ರಾಂತಿ ಬಾಧೆಗಳ ನಂಟು ಅಷ್ಟು ಸರಳವಲ್ಲವೆಂಬುದು ನಿಜ. ಹಾಗಿದ್ದರೂ ಮಾರಾಟಕ್ಕಾಗಿ ಹಾರಾಟವನ್ನು ಉಗ್ರಗೊಳಿಸುವಾಗ ಬಾಧೆಯನ್ನೂ ಉಗ್ರಗೊಳಿಸುವ ಅಪಾಯವಿರುವುದನ್ನು ಕೊಳ್ಳುವವರಿಗೆ ಹೇಳಬೇಕಾದುದು ನಿಮ್ಮ ಧರ್ಮ.

ಬಾಧೆಯನ್ನು ಅಳೆಯುವ ಸಾಧನವೂ ದುರ್ಲಭವಲ್ಲ. 1993ರಲ್ಲಿ ಕೆನಡಿ ಮತ್ತು ಸಂಗಡಿಗರು ನೌಕಾಪಡೆಯ ವೈಮಾನಿಕರ ಅನುಭವಗಳನ್ನು ಆಧರಿಸಿ ರಚಿಸಿದ ಪ್ರಶ್ನಾವಳಿಯಲ್ಲಿ ಓಕರಿಕೆ, ಕಣ್ಣಿನ ಆಯಾಸ, ಬವಳಿ, ಬೆವರು ಮೊದಲಾದ 16 ಲಕ್ಷಣಗಳಿವೆ; ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಅದನ್ನು ಸಾಮಾನ್ಯರು ಆಡುವ ತೆಲುಗಿನಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ ಬರೆಯಿಸಿ, ಆಟದ ಮೊದಲೂ ಆಮೇಲೂ ಕೇಳುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಕನ್ನಡದ ರೂಪವನ್ನು ಸಿದ್ಧಪಡಿಸುವಾಗ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಳಗಿವಿಯ ಸಮತೋಲನವನ್ನು ನಿತ್ಯವೂ ಪರೀಕ್ಷಿಸುವವರ ಸಲಹೆ ಪಡೆಯಬಹುದು.

ಆದುದರಿಂದ ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಯಾವ ಆಟವನ್ನಾಗಲಿ ತರಬೇತಿಯನ್ನಾಗಲಿ ಜನರ ಮುಂದಿಡುವ ಮೊದಲು, ನಿಮ್ಮ ಕಛೇರಿಯವರಲ್ಲದ, ಹೆಡ್‌ಸೆಟ್ಟನ್ನು ಹಿಂದೆಂದೂ ಮುಟ್ಟದ ಜನರನ್ನು ಕರೆದು, ಅವರಲ್ಲಿ ಹೆಂಗಸರೂ ವಯಸ್ಸಾದವರೂ ಬಸ್ಸಿನ ಡ್ರೈವರುಗಳೂ ಇರುವಂತೆ ನೋಡಿಕೊಂಡು, ಅವರ ಮಾತನ್ನು ಬರೆದುಕೊಳ್ಳಿ. ಹೆಡ್‌ಸೆಟ್ ತೊಡಿಸುವ ಮೊದಲೇ ‘ಬೇಡವೆನಿಸಿದ ಕ್ಷಣ ತೆಗೆದುಬಿಡಿ’ ಎಂದು ಹೇಳಿ, ತೆಗೆದವರ ಹಣವನ್ನು ಹಿಂದಿರುಗಿಸಿ. ಆಟ ಮುಗಿಸಿದವರ ಕಾಲು ತುಸು ಹೊತ್ತು ತಡವರಿಸುವುದುಂಟು. ಅಂಥವರು ಕೂಡಲೇ ಸ್ಕೂಟರ್ ಏರಿ ಇ.ಸಿ.ಐ.ಎಲ್. ಕ್ರಾಸ್‌ರೋಡಿನ ದಟ್ಟಣೆಯಲ್ಲಿ ನುಗ್ಗದಂತೆ, ಕುಳಿತುಕೊಳ್ಳಲು ನಾಲ್ಕು ಕುರ್ಚಿಗಳನ್ನೂ ಕುಡಿಯಲು ನೀರನ್ನೂ ಬಾಗಿಲ ಬಳಿ ಇಡಿಸಿ.

ಇತಿ ನಿಮ್ಮ ಹಿತೈಷಿ,
ಕುಷಾಯಿಗೂಡದ ಒಬ್ಬ ನಿವೃತ್ತ ಅಧ್ಯಾಪಕ